ಕೂರಲೊಂದು ಕಲ್ಲು, ನೋಡಲೊಂದು ಶಿಲ್ಪ

ಮಧ್ಯಾಹ್ನ ಒಂದು ಗಂಟೆಯ ಹೊತ್ತು. ಪೀಣ್ಯ ಕೈಗಾರಿಕಾ ಪ್ರದೇಶದ ಯಾವ ಅಡ್ಡರಸ್ತೆಗೆ ಹೋದರೂ ನೋಟ ಒಂದೇ. ಲೇತ್ ಯಂತ್ರಗಳ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಊಟದ ಡಬ್ಬಿ ಹಿಡಿದ ಹುಡುಗರು, ಹೆಂಗಸರು ಗೇಟಿನಿಂದ ಹೊರಗೆ ಬರುತ್ತಾರೆ. ಅವರ ಕಣ್ಣು ಮೊದಲು ಹುಡುಕುವುದು ನೆರಳನ್ನು, ಆಮೇಲೆ ಕೂರುವುದಕ್ಕೊಂದು ಜಾಗವನ್ನು. ಕಾಂಪೌಂಡ್ ಗೋಡೆಯ ಬುಡ, ಚರಂಡಿಯ ಮೇಲಿನ ಚಪ್ಪಡಿ, ನಿಲ್ಲಿಸಿದ ಲಾರಿಯ ಮಗ್ಗುಲು – ಇವೇ ಅವರ ಬೆಂಚುಗಳು.

ಬೆಂಗಳೂರಿನ ಅಂಚಿನಲ್ಲಿ ಇಂಥ ದುಡಿಮೆಯ ನೆಲೆಗಳು ಮುಖ್ಯವಾಗಿ ಮೂರು. ವಾಯವ್ಯಕ್ಕೆ ಪೀಣ್ಯ, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ಪೂರ್ವಕ್ಕೆ ವೈಟ್‌ಫೀಲ್ಡ್. ಇಲ್ಲಿ ಉದ್ಯಾನಗಳೇ ಇಲ್ಲವೆಂದಲ್ಲ. ಇವೆ. ಒಳಗೆ ಹೋದರೆ ಸಿಮೆಂಟಿನ ಅಣಬೆ, ಸಿಮೆಂಟಿನ ಜಿಂಕೆ, ಬಾಯಿ ತೆರೆದು ಕಸ ನುಂಗುವ ಪೆಂಗ್ವಿನ್. ಬೆಂಚಿನ ಬೆನ್ನಿಗೆ ಅದನ್ನು ಯಾರ ಅನುದಾನದಲ್ಲಿ ಮಾಡಿದ್ದೆಂಬ ದೊಡ್ಡ ಅಕ್ಷರ. ಪೆಂಗ್ವಿನ್ ಹಕ್ಕಿಗೂ ಪೀಣ್ಯಕ್ಕೂ ಏನು ನಂಟೆಂದು ಮಗು ಕೇಳಿದರೆ ತಂದೆ ಏನು ಹೇಳಬೇಕು?

ಉದ್ಯಾನದಲ್ಲಿ ಒಳ್ಳೆಯ ಶಿಲ್ಪವಿರಬೇಕು, ಕಲಾತ್ಮಕ ಬೆಂಚುಗಳಿರಬೇಕು ಎಂದೊಡನೆ, ಅದೆಲ್ಲ ಸಿರಿವಂತರ ಬಡಾವಣೆಯ ಮಾತು ಎಂದು ತಳ್ಳಿಹಾಕುವವರುಂಟು. ಇದು ನಿಜವೇ ಎಂದು ಪರೀಕ್ಷಿಸಲು ಈಗ ಒಂದು ಸುಲಭ ದಾರಿಯಿದೆ. 2025ರ ಆಗಸ್ಟ್ 10ರಂದು ಹಳದಿ ಮಾರ್ಗದ ಮೆಟ್ರೊ ಉದ್ಘಾಟನೆಯಾದ ಮೇಲೆ ಈ ಮೂರೂ ನೆಲೆಗಳು ರೈಲಿನ ದಾರಿಯಲ್ಲಿ ಬೆಸೆದುಕೊಂಡಿವೆ. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಹೊರಟರೆ, ಪಠ್ಯಪುಸ್ತಕದ ಭೌತಶಾಸ್ತ್ರ, ರಸಾಯನಶಾಸ್ತ್ರ, ಇತಿಹಾಸ ಮೂರೂ ದಾರಿಯುದ್ದಕ್ಕೂ ಸಿಗುತ್ತವೆ.

ಪೀಣ್ಯದ ಕಬ್ಬಿಣ

ಪಯಣ ಪೀಣ್ಯ ನಿಲ್ದಾಣದಿಂದ ಆರಂಭವಾಗಲಿ. 2014ರ ಮಾರ್ಚ್ 1ರಂದು ಇಲ್ಲಿ ಹಸಿರು ಮಾರ್ಗದ ರೈಲು ಓಡತೊಡಗಿತು. ಮುಂದೆ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಈ ನಿಲ್ದಾಣವನ್ನೇ ತಮ್ಮ ಪಾಠಶಾಲೆ ಮಾಡಿಕೊಂಡು ಇಲ್ಲಿ ಕಲಾಕೃತಿಗಳನ್ನು ರಚಿಸಿದರು. ಕಲೆ ಎಂದರೆ ಗ್ಯಾಲರಿಯೊಳಗೆ ಮಾತ್ರ ಎಂಬ ಗೆರೆ ಅಲ್ಲಿ ಅಳಿಸಿತು. ಟಿಕೆಟ್ ಕೊಳ್ಳಲು ಬಂದ ಫಿಟ್ಟರನೂ ನೋಡುಗನಾದ.

ಇಲ್ಲಿಂದ ಎರಡೇ ನಿಲ್ದಾಣ ಮುಂದೆ ಯಶವಂತಪುರ. ಅಲ್ಲಿನ ರೈಲ್ವೆ ಬೋಗಿ ಡಿಪೊದಲ್ಲಿ 2021ರಲ್ಲಿ ಒಂದು ಸೊಗಸಾದ ಕೆಲಸ ನಡೆಯಿತು. ಬೋಗಿಗಳಿಂದ ಕಳಚಿದ ನಟ್ಟು, ಬೋಲ್ಟು, ತಂತಿಹಗ್ಗ, ಡ್ಯಾಂಪರ್ ಚೂರುಗಳನ್ನು ಬೆಸುಗೆ ಹಾಕಿ ಡಿಪೊದ ಎಂಜಿನಿಯರುಗಳೂ ಕೆಲಸಗಾರರೂ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಎದೆಮಟ್ಟದ ಪ್ರತಿಮೆಯನ್ನು ನಿರ್ಮಿಸಿದರು. ಎತ್ತರ 7.8 ಅಡಿ, ತೂಕ ಸುಮಾರು 800 ಕಿಲೊ. ಅವರಾರೂ ಶಿಲ್ಪಿಗಳೆಂದು ಹೆಸರಾದವರಲ್ಲ. ಗಾಲಿ, ಬ್ರೇಕು, ಬೆಸುಗೆಗಳಲ್ಲಿ ಪಳಗಿದವರು. ದೆಹಲಿಯಲ್ಲಿ 2019ರಲ್ಲಿ ತೆರೆದ ಉದ್ಯಾನವೊಂದರಲ್ಲಿ ಸುಮಾರು 150 ಟನ್ ಗುಜರಿಯಿಂದ ಜಗತ್ತಿನ ಏಳು ಅದ್ಭುತಗಳ ಪ್ರತಿರೂಪಗಳು ಎದ್ದುನಿಂತಿವೆ. ಪೀಣ್ಯದಲ್ಲಿ ದಿನವೂ ರಾಶಿಬೀಳುವ ಲೋಹದ ತುಂಡುಗಳನ್ನು ನೋಡಿದವರಿಗೆ, ಆ ಕೆಲಸಕ್ಕೆ ದೆಹಲಿಯತನಕ ಹೋಗಬೇಕಿಲ್ಲವೆಂಬುದು ತಾನಾಗಿಯೇ ಹೊಳೆಯುತ್ತದೆ. ಆದರೇನು, ಹಿತ್ತಲ ಗಿಡ ಮದ್ದಲ್ಲ!

ಕಬ್ಬಿಣದ ಶಿಲ್ಪಕ್ಕೆ ಒಂದು ಶತ್ರುವುಂಟು, ಅದು ತುಕ್ಕು. ನೀರು ಮತ್ತು ಆಮ್ಲಜನಕ ಎರಡೂ ಸೇರಿದರೆ ಮಾತ್ರ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬಣ್ಣ ಬಳಿಯುವುದು ಇವೆರಡನ್ನೂ ದೂರವಿಡಲು. ಸತುವಿನ ಲೇಪನ ಇನ್ನೂ ಒಂದು ಹೆಜ್ಜೆ ಮುಂದೆ: ಲೇಪನಕ್ಕೆ ಗೀರು ಬಿದ್ದರೂ ಸತು ತಾನೇ ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಹತ್ತನೆಯ ತರಗತಿಯ ಹುಡುಗ ಬಾಯಿಪಾಠ ಮಾಡುವ ಈ ವಿಷಯವನ್ನು, ಉದ್ಯಾನದಲ್ಲೊಂದು ಕಬ್ಬಿಣದ ಕುದುರೆ ಇದ್ದರೆ, ಮುಟ್ಟಿಯೇ ಕಲಿಯಬಹುದು.

ಲಾಲ್‌ಬಾಗಿನ ಗಡಿಯಾರ, ಬಿದ್ದ ಮರ

ಅದೇ ಹಸಿರು ಮಾರ್ಗದಲ್ಲಿ ಮುಂದೆ ಸಾಗಿದರೆ ಲಾಲ್‌ಬಾಗ್. ಇಲ್ಲಿಗೆ ಬಂದವರು ಹೂವಿನ ಗಡಿಯಾರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ಹೋಗುವುದು ಕಡಿಮೆ. ಆದರೆ ಅದು ಬಂದದ್ದೆಲ್ಲಿಂದ ಎಂದು ಕೇಳುವವರು ವಿರಳ. 7 ಮೀಟರ್ ವ್ಯಾಸದ ಆ ಗಡಿಯಾರವನ್ನು 1983ರಲ್ಲಿ ಕೊಟ್ಟದ್ದು ಎಚ್‌ಎಂಟಿ. 1953ರಲ್ಲಿ ಜಾಲಹಳ್ಳಿಯಲ್ಲಿ, ಪೀಣ್ಯದ ಪಕ್ಕದಲ್ಲೇ, ತಲೆಯೆತ್ತಿದ ಕಾರ್ಖಾನೆ ಅದು. ಎಚ್‌ಎಂಟಿ ವಾಚುಗಳ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಹೊರಬಿತ್ತು. ಕೈಗಡಿಯಾರಗಳ ತಯಾರಿಕೆ ಇತಿಹಾಸವಾಯಿತು. ಉದ್ಯಾನಕ್ಕೆ ಕೊಟ್ಟ ಗಡಿಯಾರ ಊರಿನ ನೆನಪಾಗಿ ಉಳಿಯಿತು. ಕಾರ್ಖಾನೆಯೊಂದು ತಾನು ಬಲ್ಲ ವಿದ್ಯೆಯನ್ನೇ ಉದ್ಯಾನಕ್ಕೆ ಉಡುಗೊರೆಯಾಗಿ ಕೊಡಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಲಾಲ್‌ಬಾಗಿನಲ್ಲೇ ಇನ್ನೊಂದು ಪಾಠವೂ ಇದೆ. ಗಾಳಿಮಳೆಗೆ ಉರುಳಿದ, ಒಣಗಿದ ದೊಡ್ಡ ಮರಗಳ ಕಾಂಡಗಳನ್ನು ಸೌದೆಯಾಗಿ ಹರಾಜು ಹಾಕುವ ಬದಲು, ತೋಟಗಾರಿಕೆ ಇಲಾಖೆ ಶಿಲ್ಪಿಗಳನ್ನು ಕರೆಸಿ ಅವುಗಳಲ್ಲಿ ಪ್ರಾಣಿ, ಪಕ್ಷಿ, ಮನುಷ್ಯರ ರೂಪಗಳನ್ನು ಕೆತ್ತಿಸಿತು. ಕಾಂಡದ ಬಾಗು, ಗಂಟುಗಳನ್ನೇ ಬಳಸಿಕೊಂಡ ಕೆತ್ತನೆಗಳಲ್ಲಿ ಮರದ ಹಳೆಯ ಗುರುತು ಉಳಿದಿರುತ್ತದೆ. ಮಣ್ಣಿಗೆ ನೇರವಾಗಿ ತಾಗಿದ ಮರವನ್ನು ಗೆದ್ದಲೂ ಶಿಲೀಂಧ್ರವೂ ಬಿಡುವುದಿಲ್ಲ. ಆದ್ದರಿಂದ ಇಂಥ ಕಾಂಡಗಳಿಗೆ ಕಲ್ಲಿನ ಅಡಿಪೀಠವೂ ಎಣ್ಣೆಯ ಲೇಪನವೂ ಅವಶ್ಯ.

ಇನ್ನು ಲಾಲ್‌ಬಾಗಿನ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯ ಈ ನೈಸ್ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸಂಜೆಯ ಹೊತ್ತು ಅಲ್ಲಿ ನೂರಾರು ಜನ ಕೂತಿರುತ್ತಾರೆ. ಕಾಲ ಕೆತ್ತಿದ ಶಿಲ್ಪವೂ ಅದೇ, ಊರಿನ ಅತಿ ದೊಡ್ಡ ಬೆಂಚೂ ಅದೇ. ಯಾರೂ ಅವರನ್ನು ಏಳಿಸುವುದಿಲ್ಲ.

ಇಲ್ಲೊಂದು ಸಣ್ಣ ಪ್ರಯೋಗ ಮಾಡಬಹುದು. ಬೆಳಗಿನ ಹೊತ್ತು ನೆರಳಿನಲ್ಲಿರುವ ಕಬ್ಬಿಣದ ಬೇಲಿ, ಕಲ್ಲಿನ ಚಪ್ಪಡಿ, ಮರದ ಕಾಂಡ ಮೂರನ್ನೂ ಅಂಗೈಯಿಂದ ಮುಟ್ಟಿ ನೋಡಬೇಕು. ಮೂರರ ಉಷ್ಣತೆ ಹೆಚ್ಚುಕಡಿಮೆ ಒಂದೇ. ಆದರೂ ಕಬ್ಬಿಣ ತಣ್ಣಗೆ ಕೊರೆಯುತ್ತದೆ, ಮರ ಬೆಚ್ಚಗೆನಿಸುತ್ತದೆ. ಉಕ್ಕು ಗ್ರಾನೈಟಿಗಿಂತ ಸುಮಾರು 15ರಿಂದ 20 ಪಟ್ಟು, ಮರಕ್ಕಿಂತ ನೂರಾರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಬೆಳಿಗ್ಗೆ ಅಂಗೈಯ ಬಿಸಿಯನ್ನು ಎಳೆದುಕೊಳ್ಳುವ ಅದೇ ಕಬ್ಬಿಣ ಮಧ್ಯಾಹ್ನ ಬಿಸಿಲಿನ ಕಾವನ್ನೆಲ್ಲ ಮೈಗೆ ದಾಟಿಸುತ್ತದೆ. ಕಪ್ಪು ಗ್ರಾನೈಟನ್ನೂ ಬಯಲಿನಲ್ಲಿಟ್ಟರೆ ಕಾವಲಿಯೇ ಸರಿ. ಹೀಗಾಗಿ ಬೆಂಚು ಎಷ್ಟೇ ಸುಂದರವಾಗಿರಲಿ, ಮೊದಲು ಮರದ ನೆರಳು ಎಲ್ಲಿ ಬೀಳುತ್ತದೆಂದು ನೋಡಿ, ಆಮೇಲೆ ಅದರ ಜಾಗವನ್ನು ಗೊತ್ತುಮಾಡಬೇಕು. ಹಳ್ಳಿಯ ಹಿರಿಯರು ಅರಳಿಮರ ಬೆಳೆದ ಮೇಲೆ ಅದರ ಸುತ್ತ ಕಟ್ಟೆ ಕಟ್ಟಿದರೇ ಹೊರತು, ಕಟ್ಟೆ ಕಟ್ಟಿ ಮರಕ್ಕಾಗಿ ಕಾಯಲಿಲ್ಲ.

ಬೇಗೂರಿನ ವೀರ, ರುಮೇನಿಯಾದ ಕಂಬ

ಲಾಲ್‌ಬಾಗಿನಿಂದ ಮೂರು ನಿಲ್ದಾಣ ಮುಂದೆ ಆರ್.ವಿ. ರಸ್ತೆ. ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ರೈಲು ಹೊಸೂರು ರಸ್ತೆಯ ಮೇಲೆ ತೇಲಿದಂತೆ ಸಾಗಿ ಎಲೆಕ್ಟ್ರಾನಿಕ್ ಸಿಟಿ ಸೇರುತ್ತದೆ. 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಇದನ್ನು ರೂಪಿಸಿತು. ಆರ್.ಕೆ. ಬಾಳಿಗ ಅವರ ಕನಸು ಅದು. 2013ರಿಂದ ಈ ಪ್ರದೇಶಕ್ಕೆ ಪ್ರತ್ಯೇಕ ಕೈಗಾರಿಕಾ ಪಟ್ಟಣ ಪ್ರಾಧಿಕಾರವೇ ಇದೆ. ಗಾಜಿನ ಕಟ್ಟಡಗಳ ಆವರಣದೊಳಗೆ ಹುಲ್ಲುಹಾಸು, ಕಾರಂಜಿ, ಒಮ್ಮೊಮ್ಮೆ ಶಿಲ್ಪವೂ ಕಾಣುತ್ತವೆ. ಆದರೆ ಅವು ಗುರುತಿನ ಚೀಟಿ ಕೊರಳಲ್ಲಿರುವವರಿಗೆ ಮಾತ್ರ.

ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬೇಗೂರಿನಲ್ಲಿ ಗುರುತಿನ ಚೀಟಿ ಕೇಳದ ಶಿಲ್ಪಗಳಿವೆ. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಆ ಕಾಳಗದಲ್ಲಿ ಮಡಿದವನು ಬುಟ್ಟಣ ಸೆಟ್ಟಿ. ಬೆಂಗಳೂರು ಎಂಬ ಹೆಸರು ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹೆಚ್ಚು ಹಿಂದೆಯೇ ಇತ್ತೆಂಬುದಕ್ಕೆ ಈ ಕಲ್ಲೇ ಆಧಾರ. ಮಂಡ್ಯ ಸೀಮೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 950ರ ಸುಮಾರಿನ ಇನ್ನೊಂದು ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನೆಟ್ಟದ್ದು. ವೀರಗಲ್ಲುಗಳು ಅರಮನೆಯೊಳಗೆ ಇರಲಿಲ್ಲ. ಊರ ಬಾಗಿಲಲ್ಲಿ, ಕೆರೆ ಏರಿಯಲ್ಲಿ, ಗದ್ದೆಯ ಬದುವಿನಲ್ಲಿ ನಿಂತಿದ್ದವು. ಬಯಲಿನಲ್ಲಿ ಶಿಲ್ಪ ನಿಲ್ಲಿಸುವುದು ಹೊರಗಿನಿಂದ ಬಂದ ಹೊಸ ಶೋಕಿಯಲ್ಲ ಎಂಬುದು ಇದರಿಂದ ಸ್ಪಷ್ಟ. ಹಾಗೆಯೇ ದಾರಿಹೋಕರು ತಲೆಯ ಮೇಲಿನ ಹೊರೆ ಇಳಿಸಲೆಂದು ರಸ್ತೆಬದಿಯಲ್ಲಿ ಎರಡು ಕಂಬದ ಮೇಲೊಂದು ಅಡ್ಡಗಲ್ಲು ನಿಲ್ಲಿಸುತ್ತಿದ್ದರು. ಅದು ಧರ್ಮಕಾರ್ಯವೂ ಆಗಿತ್ತು, ನೋಡಲು ಗಂಭೀರವೂ ಆಗಿತ್ತು.

ಇದೇ ವಿಚಾರ ಸಾವಿರಾರು ಮೈಲಿ ಆಚೆ ರುಮೇನಿಯಾದಲ್ಲೂ ಮೂಡಿತು. ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ ಕಾನ್‌ಸ್ಟಾಂಟಿನ್ ಬ್ರಂಕೂಷಿ ಎಂಬ ಶಿಲ್ಪಿ 1938ರಲ್ಲಿ ತರ್ಗು ಜಿಯು ಪಟ್ಟಣದಲ್ಲಿ ಮೂರು ಕೃತಿಗಳನ್ನು ಪೂರೈಸಿದ. ಒಂದು, ಆಕಾಶಕ್ಕೆ ಏರುವ 29 ಮೀಟರ್ ಎತ್ತರದ ಎರಕದ ಕಬ್ಬಿಣದ ಕಂಬ. ಅದರ ತುಂಡುಗಳನ್ನು ತಯಾರಿಸಿದ್ದು ಪೆಟ್ರೊಶಾನಿ ಎಂಬ ಗಣಿ ಪಟ್ಟಣದ ಕಾರ್ಯಾಗಾರದಲ್ಲಿ. ಇನ್ನೊಂದು, ಉದ್ಯಾನದ ಕಲ್ಲಿನ ದ್ವಾರ. ಮೂರನೆಯದು, ಒಂದು ದುಂಡನೆಯ ಕಲ್ಲಿನ ಮೇಜು, ಸುತ್ತ 12 ಕಲ್ಲಿನ ಪೀಠಗಳು. ಪೀಠಗಳ ಆಕಾರ ಮರಳುಗಡಿಯಾರದಂತೆ, ನಡು ಸಣ್ಣ. ಅವು ಬೆಂಚೋ ಶಿಲ್ಪವೋ ಎಂದು ಕೇಳಿದರೆ ಎರಡೂ ಹೌದು. 2024ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವೀರಗಲ್ಲಿನ ಭಾವ, ಕಾರ್ಖಾನೆಯ ಕೈ, ಕೂರುವ ಕಲ್ಲು ಮೂರೂ ಒಂದೇ ಊರಿನಲ್ಲಿ ಕೂಡಿದವು.

ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗೇ ಇರುವ ಜಿಗಣಿಯಲ್ಲಿ ಗ್ರಾನೈಟ್ ಕೊಯ್ದು ನುಣುಪು ಮಾಡುವ ಘಟಕಗಳು ಸಾಲುಸಾಲಾಗಿವೆ. ದೇಶವಿದೇಶದ ಮನೆಗಳಿಗೆ ಹೋಗುವ ಚಪ್ಪಡಿಗಳ ಅಂಚು, ಮೂಲೆಯ ತುಂಡುಗಳು ಅಲ್ಲಿ ಮಿಗುತ್ತವೆ. ಬಾರ್ಸಿಲೋನಾದ ಗುಯೆಲ್ ಉದ್ಯಾನದಲ್ಲಿ ಆಂಟೊನಿ ಗೌಡಿ ಮತ್ತು ಆತನ ಜೊತೆಗಾರ ಜುಜೋಲ್ ಕಟ್ಟಿದ ಹಾವಿನಂತೆ ಬಳುಕುವ ಉದ್ದನೆಯ ಬೆಂಚಿಗೆ ಮೈಹೊದಿಕೆಯಾದದ್ದು ಒಡೆದ ಹೆಂಚಿನ ಚೂರುಗಳೇ. ಬೆಂಚು ಸುತ್ತುವರಿದ ಜಗಲಿಯ ಮೇಲೆ ಬಿದ್ದ ಮಳೆನೀರು ಕೆಳಗಿನ ಕಂಬಗಳೊಳಗಿಂದ ಇಳಿದು ತೊಟ್ಟಿ ಸೇರುವಂತೆ ಅವರು ಏರ್ಪಡಿಸಿದರು. ಜಿಗಣಿಯ ಚೂರುಗಳಿಗೂ ಅಂಥದೊಂದು ಬಾಳು ಸಿಗಬಾರದೇಕೆ?

ಪೀಠದ ಮೇಲಿನವರು

ಎಲೆಕ್ಟ್ರಾನಿಕ್ ಸಿಟಿಯಿಂದ ಮರಳಿ ಮೆಜೆಸ್ಟಿಕ್ಕಿಗೆ ಬಂದು ನೇರಳೆ ಮಾರ್ಗ ಹಿಡಿದರೆ, ವೈಟ್‌ಫೀಲ್ಡಿನ ದಾರಿಯಲ್ಲೇ ಕಬ್ಬನ್ ಪಾರ್ಕ್ ಸಿಗುತ್ತದೆ. 1870ರಲ್ಲಿ ರೂಪುಗೊಂಡ ಈ ಉದ್ಯಾನದಲ್ಲಿ 1906ರಿಂದ ವಿಕ್ಟೋರಿಯಾ ರಾಣಿ ನಿಂತಿದ್ದಾಳೆ. ಏಳನೆಯ ಎಡ್ವರ್ಡ್, ಚಾಮರಾಜೇಂದ್ರ ಒಡೆಯರು, ದಿವಾನ್ ಶೇಷಾದ್ರಿ ಅಯ್ಯರ್ ಕೂಡ ಇದ್ದಾರೆ. ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯಿಂದ ಮೇಲೆದ್ದ ಶಿವನಸಮುದ್ರದ ಜಲವಿದ್ಯುತ್ ಯೋಜನೆ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ವಿದ್ಯುತ್ ತಂದಿತು. ಈ ಊರಿನ ಯಂತ್ರಗಳೆಲ್ಲ ಅವರಿಗೆ ಋಣಿ.

ಇವು ಕುಸುರಿಯಲ್ಲಿ ಉತ್ತಮ ಶಿಲ್ಪಗಳೇ. ಆದರೆ ಎತ್ತರದ ಪೀಠದ ಮೇಲಿರುವವರನ್ನು ಕತ್ತೆತ್ತಿ ನೋಡಬೇಕು. ಹತ್ತಿರ ಕೂರುವಂತಿಲ್ಲ, ಮುಟ್ಟುವಂತಿಲ್ಲ. ಆಗಿನ ಕಾಲದ ಶಿಲ್ಪ ಹೇಳುತ್ತಿದ್ದುದು ‘ಗೌರವ ಸಲ್ಲಿಸು’ ಎಂದು. ದುಡಿಯುವವರ ನೆರೆಯ ಉದ್ಯಾನದ ಶಿಲ್ಪ ಹೇಳಬೇಕಾದದ್ದು ‘ಬಾ, ಕೂತುಕೋ’ ಎಂದು. ಎರಡರ ನಡುವಿನ ವ್ಯತ್ಯಾಸ ನೂರು ವರ್ಷದ್ದು.

ವೈಟ್‌ಫೀಲ್ಡಿನ ವೃತ್ತ

ನೇರಳೆ ಮಾರ್ಗದ ಪೂರ್ವದ ತುದಿ ವೈಟ್‌ಫೀಲ್ಡ್. ದಾರಿಯಲ್ಲಿ ಪಟ್ಟಂದೂರು ಅಗ್ರಹಾರ ಎಂಬ ನಿಲ್ದಾಣ ಬರುತ್ತದೆ. 1043ರ ಚೋಳರ ಕಾಲದ ತಮಿಳು ಶಾಸನವೊಂದು ಈ ಪಟ್ಟಂದೂರಿನ ಕೆರೆ ಕಟ್ಟಿಸಿದ್ದನ್ನು ದಾಖಲಿಸಿದೆ. ಗಾಜಿನ ಗೋಪುರಗಳ ನಡುವಿನ ಆ ಹೆಸರಿಗೆ ಸಾವಿರ ವರ್ಷ ಸಮೀಪಿಸುತ್ತಿದೆಯೆಂದು ರೈಲಿನಲ್ಲಿ ನಿಂತವರಲ್ಲಿ ಎಷ್ಟು ಮಂದಿಗೆ ಗೊತ್ತು?

ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ–ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿದ ಊರು. ಚಾಮರಾಜೇಂದ್ರ ಒಡೆಯರು ಕೊಟ್ಟ 3,900 ಎಕರೆಯಲ್ಲಿ ಡಿ.ಎಸ್. ವೈಟ್ ಅವರ ಮುಂದಾಳ್ತನದಲ್ಲಿ ಬೆಳೆಯಿತು. ನಡುವೆ ದುಂಡನೆಯ ಬಯಲು, ಅದರ ಸುತ್ತ ಮನೆಗಳು – ಇದು ಅದರ ಮೂಲ ನಕ್ಷೆ. ಈಗಲೂ ‘ಇನ್ನರ್ ಸರ್ಕಲ್’ ಎಂಬ ಹೆಸರಿನಲ್ಲಿ ಆ ವೃತ್ತ ಉಳಿದಿದೆ. ಊರಿನ ಹೃದಯದಲ್ಲಿ ಎಲ್ಲರಿಗೂ ಸೇರಿದ ಜಾಗವಿರಬೇಕೆಂದು ನೂರನಲವತ್ತು ವರ್ಷದ ಹಿಂದೆಯೇ ಯೋಚಿಸಿದ್ದರು!

ವೈಟ್‌ಫೀಲ್ಡಿನಿಂದ ಪೂರ್ವಕ್ಕೆ ಸಾಗಿದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ಇಲ್ಲಿ ಮನೆಮನೆಯಲ್ಲೂ ಉಳಿಯ ಸದ್ದು. ತಲೆಮಾರುಗಳಿಂದ ದೇವರ ವಿಗ್ರಹ ಕೆತ್ತಿಕೊಂಡು ಬಂದವರು ಇವರು. ಇತ್ತ ಗಾಜಿನ ಗೋಪುರ, ಅತ್ತ ಉಳಿ–ಸುತ್ತಿಗೆ. ನಡುವೆ ಬಹಳ ದೂರವೇನಿಲ್ಲ. ಆದರೂ ಬಡಾವಣೆಯ ಉದ್ಯಾನಕ್ಕೆ ಬರುವುದು ಅಚ್ಚಿನಲ್ಲಿ ಎರಕಹೊಯ್ದ ಸಿಮೆಂಟಿನ ಜಿಂಕೆ.

ಇದೇ ಕಡೆಯ ಮಂಡೂರಿನಲ್ಲಿ ನಗರದ ಕಸ ಬೆಟ್ಟವಾಗಿ ಬೆಳೆದು, ಹಳ್ಳಿಯವರ ಹೋರಾಟದ ಫಲವಾಗಿ 2014ರ ಕೊನೆಯಲ್ಲಿ ಸುರಿಯುವುದು ನಿಂತದ್ದನ್ನು ಅನೇಕರು ಮರೆತಿರಲಾರರು. ಜಪಾನಿನ ಸಪ್ಪೊರೊ ನಗರದಲ್ಲಿ ಕಸ ಸುರಿಯುತ್ತಿದ್ದ ಜಾಗವನ್ನೇ ಶಿಲ್ಪಿ ಇಸಾಮು ನೊಗುಚಿ ಉದ್ಯಾನವಾಗಿ ಕಲ್ಪಿಸಿಕೊಂಡ. ನೆಲವನ್ನೇ ದಿಬ್ಬ, ಮೆಟ್ಟಿಲು, ಜಾರುಬಂಡೆಗಳಾಗಿ ಕೆತ್ತುವ ಕಲ್ಪನೆ ಅದು. 1988ರಲ್ಲಿ ಆತ ತೀರಿಕೊಂಡರೂ ಕೆಲಸ ನಿಲ್ಲದೆ 2005ರಲ್ಲಿ ಉದ್ಯಾನ ಪೂರ್ಣಗೊಂಡಿತು. ಮಕ್ಕಳು ಹತ್ತಿ ಇಳಿಯುವ ನೆಲವೇ ಅಲ್ಲಿ ಶಿಲ್ಪ.

ಬಾಗಿಲು ತೆರೆದಿರಲಿ

ಕಬ್ಬಿಣ ಪೀಣ್ಯದಲ್ಲಿದೆ, ಕಲ್ಲು ಜಿಗಣಿಯಲ್ಲಿದೆ, ಉಳಿ ಶಿವಾರಪಟ್ಟಣದಲ್ಲಿದೆ, ಪ್ರತಿ ಮಳೆಗಾಲಕ್ಕೂ ಉರುಳುವ ಮರಗಳು ಎಲ್ಲ ಕಡೆಯೂ ಇವೆ. ದುಡ್ಡಿನ ಮಾತೂ ಬರುತ್ತದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವಿನಿಯೋಗಿಸಬೇಕು. ಕಲೆ, ಸಂಸ್ಕೃತಿಗಳ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಆದರೆ ಕೊಟ್ಟ ಕೈಯ ಲಾಂಛನವೇ ಶಿಲ್ಪವಾಗಿಬಿಟ್ಟರೆ ಅದು ಜಾಹೀರಾತು, ಉಡುಗೊರೆಯಲ್ಲ. ಎಚ್‌ಎಂಟಿಯ ಹೂವಿನ ಗಡಿಯಾರ ಊರಿಗೆ ಸಮಯ ತೋರಿಸಿತು. ಜನ ಅದನ್ನು ಇಷ್ಟಪಟ್ಟದ್ದು ಅದಕ್ಕೇ.

ಇನ್ನೊಂದು ಎಚ್ಚರವೂ ಬೇಕು. ಉದ್ಯಾನಕ್ಕೆ ಶಿಲ್ಪ ತರುವ ಭರದಲ್ಲಿ ಕಾಂಕ್ರೀಟು ಸುರಿದು ಮಣ್ಣನ್ನೇ ಮುಚ್ಚಿಬಿಡಬಾರದು. ಮಳೆನೀರು ಇಂಗಲು ಜಾಗ ಉಳಿಯಬೇಕು. ಉದ್ಯಾನಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಹೋರಾಡಿದರು, 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಆಸ್ಪತ್ರೆಗೇ ಬಿಟ್ಟುಕೊಡದ ನೆಲವನ್ನು ಅಲಂಕಾರಕ್ಕೆ ಒಪ್ಪಿಸುವುದು ತರವಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಾಗಿಲಿನದು. ಬಹುಕಾಲ ಬೆಂಗಳೂರಿನ ಬಡಾವಣೆಯ ಉದ್ಯಾನಗಳು ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಮಾತ್ರ ತೆರೆದಿರುತ್ತಿದ್ದವು. ನಡುಹಗಲಿನಲ್ಲಿ ಬೀಗ. ವಾಯುವಿಹಾರಕ್ಕೆ ಬರುವವರಿಗೆ ಅದು ಸರಿಯೇ. ರಾತ್ರಿಪಾಳಿ ಮುಗಿಸಿದವರಿಗೆ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವವರಿಗೆ, ಗಲಾಟೆಯ ಒಂದೇ ಕೋಣೆಯ ಮನೆಯಿಂದ ಪುಸ್ತಕ ಹಿಡಿದು ಬರುವ ವಿದ್ಯಾರ್ಥಿಗೆ ಆ ಬೀಗ ಏನು ಹೇಳುತ್ತದೆ? 2024ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಉದ್ಯಾನಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು ಹೇಳಿತು. ಒಳ್ಳೆಯ ಹೆಜ್ಜೆ. ಅದನ್ನು ಕಾಗದದಿಂದ ಗೇಟಿನವರೆಗೆ ತರುವುದು ಊರಿನವರ ಕೆಲಸ. ಪ್ರತಿ ಶಾಲೆಯ ಮಕ್ಕಳು ತಮ್ಮ ಬೀದಿಯ ಉದ್ಯಾನಕ್ಕೆ ಮಧ್ಯಾಹ್ನ ಒಮ್ಮೆ ಹೋಗಿ, ಗೇಟು ತೆರೆದಿದೆಯೇ, ನೆರಳಿನಲ್ಲಿ ಎಷ್ಟು ಬೆಂಚುಗಳಿವೆ, ನೆಲದಿಂದ ಅವುಗಳ ಎತ್ತರವೆಷ್ಟು ಎಂದು ಅಳೆದು ಬರೆದರೂ ಸಾಕು, ಅದೊಂದು ವಿಜ್ಞಾನದ ಯೋಜನೆಯಾದೀತು. 40ರಿಂದ 45 ಸೆಂಟಿಮೀಟರ್ ಎತ್ತರದ ಬೆಂಚಿನಿಂದ ಅಜ್ಜಿ ಕೈಯೂರದೆ ಏಳುತ್ತಾಳೆ. ಅದಕ್ಕಿಂತ ತಗ್ಗಾದರೆ ಮೊಮ್ಮಗ ಕೈಹಿಡಿದು ಎಬ್ಬಿಸಬೇಕು.

ಸಂಜೆ ವೈಟ್‌ಫೀಲ್ಡಿನಿಂದ ಹಿಂದಿರುಗುವ ರೈಲು ಮತ್ತೆ ಪೀಣ್ಯ ತಲಪುವ ಹೊತ್ತಿಗೆ ದೀಪ ಹತ್ತಿರುತ್ತದೆ. ಮರುದಿನ ಸೋಮವಾರ, ಲೇತ್‌ಗಳು ಮತ್ತೆ ತಿರುಗುತ್ತವೆ. ಒಂದು ಗಂಟೆಗೆ ಊಟದ ಡಬ್ಬಿಗಳು ಹೊರಗೆ ಬರುತ್ತವೆ. ಆ ಹೊತ್ತಿಗೆ ಹತ್ತಿರದ ಉದ್ಯಾನದ ಗೇಟು ತೆರೆದಿದ್ದು, ಹೊಂಗೆಯ ನೆರಳಿನಲ್ಲಿ ತಮ್ಮ ಕಾರ್ಖಾನೆಯ ಹಳೆಯ ಗೇರುಚಕ್ರವೇ ಕಾಲಾಗಿರುವ ಕಲ್ಲುಬೆಂಚೊಂದು ಕಾದಿದ್ದರೆ, ಅದರ ಮೇಲೆ ಕೂತು ಬುತ್ತಿ ಬಿಚ್ಚುವವನು ಇದು ಶಿಲ್ಪವೋ ಬೆಂಚೋ ಎಂದು ಕೇಳುವುದಿಲ್ಲ. ಪಕ್ಕದವನಿಗೆ ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಾನೆ.